ಪಿಸ್ತೂಲು ಕೊಳ್ಳುವಾಗ ಹೆಸರು ನೋಡಬೇಡಿ, ಸ್ಪ್ರಿಂಗ್ ನೋಡಿ

ಲೈಸೆನ್ಸ್ ಕೈಗೆ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಯಾವ ಪಿಸ್ತೂಲು ತಗೊಳ್ಳಲಿ? ಜಾಸ್ತಿ ದುಡ್ಡಿಲ್ಲ, ಆದ್ರೆ ಒಳ್ಳೇದಿರಬೇಕು." ಮೊನ್ನೆ ಜಯನಗರದ ಗೆಳೆಯರೊಬ್ಬರು ಇದನ್ನೇ ಕೇಳಿದರು. ಅವರಿಗೆ ಕನಕಪುರದ ಕಡೆ ತೋಟವಿದೆ, ರಾತ್ರಿ ಹೊತ್ತು ಒಬ್ಬರೇ ಓಡಾಡುತ್ತಾರೆ. ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಜನರ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಯೂಟ್ಯೂಬ್ ಮರೆತುಬಿಡಿ. ಅಮೆರಿಕದವರು ಗ್ಲಾಕ್, ಸಿಗ್ ಅಂತ ಹೋಲಿಸುವ ವಿಡಿಯೊಗಳು ಹೆಚ್ಚಾಗಿ 9 ಎಂಎಂ ಬಗ್ಗೆ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಅದು ಪೊಲೀಸರಿಗೆ, ಸೇನೆಗೆ. ಸಾಮಾನ್ಯ ನಾಗರಿಕರ ಲೈಸೆನ್ಸ್‌ನಲ್ಲಿ ಸೆಮಿ ಆಟೋಮ್ಯಾಟಿಕ್ (ಒಂದು ಗುಂಡು ಸಿಡಿದ ಮೇಲೆ ಮುಂದಿನದು ತಾನಾಗಿ ಏರುವ ಪಿಸ್ತೂಲು) ಅಂದರೆ ಬಹುತೇಕ .32, ಅಂದರೆ 7.65 ಎಂಎಂ. ಜೊತೆಗೆ 1980ರ ದಶಕದಿಂದ ನಾಗರಿಕರಿಗೆ ವಿದೇಶಿ ಪಿಸ್ತೂಲಿನ ಆಮದು ನಿಂತಿದೆ. ಮಾನ್ಯತೆ ಪಡೆದ ಶೂಟಿಂಗ್ ಕ್ರೀಡಾಪಟುಗಳಿಗೆ ಬೇರೆ ನಿಯಮ. ಉಳಿದವರ ಮುಂದೆ ಇರುವುದು ಮುಖ್ಯವಾಗಿ ಎರಡು ದಾರಿ. ಒಂದು, ಆಮದು ನಿಲ್ಲುವ ಮೊದಲು ದೇಶದೊಳಗೆ ಬಂದ ಹಳೇ ವಿದೇಶಿ ಪಿಸ್ತೂಲು. ಇನ್ನೊಂದು, ಸರ್ಕಾರಿ ಕಾರ್ಖಾನೆಯ ಅಶನಿ ಅನ್ನುವ .32 ಪಿಸ್ತೂಲು.

ಇಲ್ಲೇ ದುಡ್ಡು ದಾರಿ ತಪ್ಪುವುದು.

ಸ್ಲೈಡ್ ಮೇಲೆ, ಅಂದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ತುಂಡಿನ ಮೇಲೆ, ಜರ್ಮನ್ ಕಂಪನಿ ವಾಲ್ಥರ್ ಹೆಸರು ಬರೆದಿದ್ದರೆ ಸಾಕು, ಲಕ್ಷಗಳಲ್ಲಿ ಮಾತು ಶುರುವಾಗುತ್ತದೆ. ಆ ಬೆಲೆ ಗುಣಮಟ್ಟದ್ದಲ್ಲ. ಹೊಸದು ಬರುವುದಿಲ್ಲ, ಇರುವುದೇ ಇಷ್ಟು ಅನ್ನುವ ಕೊರತೆಯ ಬೆಲೆ ಅದು. ವಾಲ್ಥರ್ ಪಿಪಿ 1929ರದ್ದು, ಪಿಪಿಕೆ 1931ರದ್ದು. ಅದ್ಭುತ ವಿನ್ಯಾಸಗಳು, ಅದರಲ್ಲಿ ಎರಡು ಮಾತಿಲ್ಲ. ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ, ಅಂದರೆ ಚೇಂಬರಿನಲ್ಲಿ ಗುಂಡು ಇದೆಯೋ ಇಲ್ಲವೋ ಎಂದು ತೋರಿಸುವ ಸಣ್ಣ ಪಿನ್ ಕೊಟ್ಟಿದ್ದಾರೆ, ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ವ್ಯವಸ್ಥೆಯೂ ಇದೆ. ಆದರೆ ನಿಮ್ಮ ಕೈಗೆ ಬರುವುದು ವಿನ್ಯಾಸ ಅಲ್ಲ, ಯಾರದೋ ಬೀರುವಿನಲ್ಲಿ ದಶಕಗಟ್ಟಲೆ ಕೂತಿದ್ದ ಒಂದು ಪಿಸ್ತೂಲು. ಹಳೇ ಯೆಜ್ಡಿ ಕೊಳ್ಳುವವರು ಟ್ಯಾಂಕಿನ ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ, ಕಿಕ್ ಹೊಡೆದು ಎಂಜಿನ್ ಸದ್ದು ಕೇಳುತ್ತಾರೆ, ಅಲ್ವಾ? ಇಲ್ಲೂ ಹಾಗೇ ಮಾಡಿ.

ಸ್ಪ್ರಿಂಗ್ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, .32 ಪಿಸ್ತೂಲುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ವಿಧಾನದಲ್ಲಿ ಕೆಲಸ ಮಾಡುತ್ತವೆ. ನಳಿಗೆಯ ಹಿಂಬದಿಯನ್ನು ಬಿಗಿದು ಹಿಡಿಯುವ ಲಾಕ್ ಇವುಗಳಲ್ಲಿ ಇರುವುದಿಲ್ಲ. ಗುಂಡು ಸಿಡಿದಾಗ ಹಿಂದಕ್ಕೆ ಬರುವ ಒತ್ತಡವನ್ನು ಸ್ಲೈಡಿನ ತೂಕ ಮತ್ತು ಒಂದು ಸ್ಪ್ರಿಂಗ್ ಮಾತ್ರ ತಡೆಯುತ್ತವೆ. ಗುಂಡು ನಳಿಗೆ ಬಿಡುವ ತನಕ ಅಷ್ಟು ತಡೆದರೆ ಸಾಕು. ಆಮೇಲೆ ಸ್ಲೈಡ್ ಹಿಂದೆ ಬಂದು ಸಿಡಿದ ಗುಂಡಿನ ಖಾಲಿ ಕೋಶವನ್ನು ಎಸೆದು, ಹಿಡಿಯೊಳಗಿನ ಗುಂಡಿನ ಡಬ್ಬಿ, ಅಂದರೆ ಮ್ಯಾಗಜೀನಿನಿಂದ ಹೊಸ ತೋಟಾ ಎತ್ತಿಕೊಂಡು ಮುಂದೆ ಹೋಗುತ್ತದೆ. ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ಈ .32 ತೋಟಾ ರೂಪಿಸಿದ್ದೇ ಇಂಥ ಸರಳ ಯಂತ್ರಕ್ಕಾಗಿ. ಒತ್ತಡ ಕಡಿಮೆ ಇರುವುದರಿಂದ ಈ ಸರಳತೆ ನಡೆಯುತ್ತದೆ. ಸರಳ ಆದ್ದರಿಂದಲೇ ಸ್ಪ್ರಿಂಗ್ ಸೋತರೆ ಎಲ್ಲವೂ ಕೆಡುತ್ತದೆ. ಸ್ಲೈಡ್ ಬೇಗ ಹಿಂದೆ ಬಂದು ಫ್ರೇಮಿಗೆ ಬಡಿಯುತ್ತದೆ, ವರ್ಷಗಳು ಕಳೆದಂತೆ ಲೋಹ ಬಿರುಕು ಬಿಡುತ್ತದೆ, ಮುಂದಿನ ತೋಟಾ ಸರಿಯಾಗಿ ಏರುವುದಿಲ್ಲ. ಹೊರಗಿನಿಂದ ಫಳಫಳ ಹೊಳೆಯುವ ಪಿಸ್ತೂಲಿನಲ್ಲೂ ಇದು ಆಗಬಹುದು.

ಅದಕ್ಕೇ ಗನ್ ಹೌಸ್‌ಗೆ ಹೋಗುವಾಗ ಆರ್ಮರರ್ ಕೆಲಸ, ಅಂದರೆ ಬಂದೂಕು ರಿಪೇರಿ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಪಿಸ್ತೂಲು ಕೈಗೆ ಬಂದ ತಕ್ಷಣ ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಚೇಂಬರ್ ಖಾಲಿ ಇದೆಯಾ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಅಂಗಡಿಯವರು ಖಾಲಿ ಅಂದರೂ ನೋಡಿ. ಬಿಚ್ಚಿ ತೋರಿಸಲು ಹೇಳಿ. ನಳಿಗೆಗೆ ಟಾರ್ಚ್ ಬಿಟ್ಟರೆ ಒಳಗಿನ ಗೆರೆಗಳು ಚೂಪಾಗಿ ಕಾಣಬೇಕು, ತುಕ್ಕು ತಿಂದ ಗುಳಿಗಳು ಇರಬಾರದು. ಖಾಲಿ ಕೋಶವನ್ನು ಹಿಡಿದು ಎಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಸವೆದಿರಬಾರದು. ಫ್ರೇಮಿನ ಮೇಲಿನ ನಂಬರ್ ಕಾಗದದಲ್ಲಿರುವ ನಂಬರಿಗೆ ಅಕ್ಷರಶಃ ಹೊಂದಬೇಕು.

ಮ್ಯಾಗಜೀನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಗುಂಡು ಸಿಕ್ಕಿಹಾಕಿಕೊಳ್ಳುವ ತೊಂದರೆ ಎಷ್ಟೋ ಸಲ ಶುರುವಾಗುವುದು ಮ್ಯಾಗಜೀನಿನಿಂದಲೇ. ಅದರ ಬಾಯಿಯ ಅಂಚು ಸ್ವಲ್ಪ ಅಗಲವಾಗಿದ್ದರೂ ತೋಟಾ ಓರೆಯಾಗಿ ಏರುತ್ತದೆ. .32ಕ್ಕೆ ಇನ್ನೊಂದು ಹಠವೂ ಇದೆ. ಇದರ ತೋಟಾದ ಹಿಂಬದಿಯ ಅಂಚು ಸ್ವಲ್ಪ ಹೊರಚಾಚಿರುತ್ತದೆ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಹೋಗಿ ಕೂತರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಪಿಸ್ತೂಲು ಅಲ್ಲೇ ನಿಲ್ಲುತ್ತದೆ. ಒಂದೊಂದೇ ತೋಟಾವನ್ನು ನೋಡಿ ತುಂಬಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹಳೇ ವಿದೇಶಿ ಪಿಸ್ತೂಲಿನ ಜೊತೆ ಒಂದೇ ಒಂದು ಹಳೇ ಮ್ಯಾಗಜೀನ್ ಬಂದರೆ ನಾನು ಅದನ್ನು ಕೊಳ್ಳುವುದಿಲ್ಲ. ಆ ಮ್ಯಾಗಜೀನ್ ಕೆಟ್ಟರೆ ಬದಲಿ ಎಲ್ಲಿಂದ ತರೋದು?

ಹಾಗಾದರೆ ಅಶನಿ? ಮಧ್ಯಮ ಬಜೆಟ್‌ನವರಿಗೆ ನನ್ನ ಉತ್ತರ ಹೌದು. ಫಿನಿಶಿಂಗ್‌ನಲ್ಲಿ ಜರ್ಮನ್ ಪಿಸ್ತೂಲಿನ ನುಣುಪು ಇಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಹೊಸದು, ಅದರ ಸ್ಪ್ರಿಂಗ್ ಹೊಸದು, ಕಾಗದ ಪತ್ರ ಸ್ಪಷ್ಟ, ತಯಾರಿಸುವವರು ಇನ್ನೂ ದೇಶದಲ್ಲೇ ಇದ್ದಾರೆ. ಇಂಥ ಪಿಸ್ತೂಲಿನಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅಂಗಡಿಯಲ್ಲಿ ಎರಡು ಮೂರು ಇದ್ದರೆ ಎಲ್ಲವನ್ನೂ ಹಿಡಿದು, ಸ್ಲೈಡ್ ಎಳೆದು, ಟ್ರಿಗರ್ ಎಲ್ಲಿ ಬಿಗಿ ಎಲ್ಲಿ ಸಲೀಸು ಎಂದು ನೋಡಿ ಆರಿಸಿ. ನಾಚಿಕೆ ಬೇಡ. ನಿಮ್ಮ ದುಡ್ಡು.

ಇದಕ್ಕೊಂದು ದೊಡ್ಡ ಅಪವಾದವಿದೆ. ಮನೆಯಲ್ಲೇ ಅಜ್ಜನದೋ ಅಪ್ಪನದೋ ಒಳ್ಳೆಯ ಪಿಸ್ತೂಲು ಇದ್ದು, ಅದನ್ನು ಕಾನೂನು ಪ್ರಕಾರ ನಿಮ್ಮ ಲೈಸೆನ್ಸ್‌ಗೆ ವರ್ಗ ಮಾಡಿಸಿಕೊಳ್ಳಲು ಆದರೆ ಬೇರೆ ಯಾವುದನ್ನೂ ಹುಡುಕಬೇಡಿ. ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟದ ಮನೆಗಳಿಂದ ಬೆಂಗಳೂರಿಗೆ ಬಂದ ಕುಟುಂಬಗಳಲ್ಲಿ ಇಂಥವು ಇನ್ನೂ ಇವೆ. ಕೋಲ್ಟ್ 1903, ಎಫ್‌ಎನ್ 1910ರಂಥ ಪಿಸ್ತೂಲುಗಳು. ಸ್ಪ್ರಿಂಗ್‌ಗಳನ್ನು ಪರೀಕ್ಷೆ ಮಾಡಿಸಿ, ಬೇಕಾದರೆ ಬದಲಿಸಿ. ಆದರೆ ಅಷ್ಟು ಹಳೆಯ ಪಿಸ್ತೂಲಿನ ಚೇಂಬರಿನಲ್ಲಿ ಗುಂಡು ಇಟ್ಟುಕೊಂಡು ಓಡಾಡಬೇಡಿ. ಇವತ್ತಿನ ಪಿಸ್ತೂಲುಗಳಲ್ಲಿ ಕೆಳಗೆ ಬಿದ್ದರೂ ಸಿಡಿಯದಂತೆ ತಡೆಯುವ ಭಾಗಗಳಿರುತ್ತವೆ, ಆ ಕಾಲದವುಗಳಲ್ಲಿ ಅದು ಇಲ್ಲ.

ಇನ್ನು ಗಾತ್ರ. ಚಿಕ್ಕದು ಮುದ್ದಾಗಿ ಕಾಣುತ್ತದೆ ಅಂತ ಚಿಕ್ಕದನ್ನೇ ಎತ್ತಿಕೊಳ್ಳುತ್ತಾರೆ. ಹಗುರ ಪಿಸ್ತೂಲು ಕೈಯಲ್ಲಿ ಜಾಸ್ತಿ ಒದೆಯುತ್ತದೆ. ಹಿಡಿ ಗಿಡ್ಡವಿದ್ದರೆ ಕಿರುಬೆರಳಿಗೆ ಜಾಗ ಇರುವುದಿಲ್ಲ. ದಪ್ಪ ಕೈಯವರಿಗೆ ಹಿಂದೆ ಬರುವ ಸ್ಲೈಡ್ ಹೆಬ್ಬೆರಳಿನ ಬುಡವನ್ನು ಸವರಿ ಗಾಯ ಮಾಡುತ್ತದೆ. ಮನೆಯಲ್ಲಿ ಅಥವಾ ತೋಟದಲ್ಲಿ ಇಟ್ಟುಕೊಳ್ಳಲು ಸ್ವಲ್ಪ ದೊಡ್ಡದೇ ಒಳ್ಳೆಯದು.

ಗುಂಡಿನ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ಒಂದರದ್ದು ಇನ್ನೊಂದಕ್ಕೆ ಬೇಡ. ಇನ್ನೊಂದು ಮಾತು, ನಿಮ್ಮ ಲೈಸೆನ್ಸ್‌ನಲ್ಲಿ ಬರೆದಷ್ಟೇ ಗುಂಡು ನಿಮಗೆ ಸಿಗುವುದು. ಆದ್ದರಿಂದ ಕೈಯಲ್ಲಿರುವ ದುಡ್ಡನ್ನೆಲ್ಲ ಪಿಸ್ತೂಲಿಗೇ ಸುರಿಯಬೇಡಿ. ಒಂದು ಪಾಲು ಗುಂಡಿಗೆ, ಇನ್ನೊಂದು ಮ್ಯಾಗಜೀನಿಗೆ, ಬೀಗ ಇರುವ ಉಕ್ಕಿನ ಪೆಟ್ಟಿಗೆಗೆ, ರೇಂಜಿನ ಫೀಸಿಗೆ ಇಟ್ಟುಕೊಳ್ಳಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಸಿಕ್ಕರೆ ಬಿಡಬೇಡಿ. 2016ರ ಆಯುಧ ನಿಯಮಗಳಲ್ಲಿ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಸುಮ್ನೆ ಕಾಗದ ಅಂದುಕೊಳ್ಳಬೇಡಿ, ನಿಜವಾಗಿ ಕಲಿಯಿರಿ.

ಅಭ್ಯಾಸಕ್ಕೆ ಸಮಯವೇ ಇಲ್ಲ ಅನ್ನುವವರಿಗೆ ನಾನು ಸೆಮಿ ಆಟೋಮ್ಯಾಟಿಕ್ ಬೇಡ ಅನ್ನುತ್ತೇನೆ, ಮುಖಕ್ಕೇ. ರಿವಾಲ್ವರಿನಲ್ಲಿ ಒಂದು ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತಟ್ಟಿ, ಸ್ಲೈಡ್ ಎಳೆದು, ಕೆಟ್ಟ ಗುಂಡನ್ನು ಹೊರಗೆ ಹಾಕಬೇಕು. ಭಯದಲ್ಲಿ ನಡುಗುವ ಕೈಗೆ ಅದು ತಾನಾಗಿ ಬರುವುದಿಲ್ಲ. ಅಭ್ಯಾಸ ಇದ್ದವರಿಗೆ ಮಾತ್ರ ಬರುತ್ತದೆ. ಹೆಸರಿಗೆ ಲಕ್ಷಗಟ್ಟಲೆ ಕೊಟ್ಟು, ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮಾತ್ರ ಹೊರಗೆ ತೆಗೆಯುವ ಪಿಸ್ತೂಲು ಯಾರನ್ನೂ ಕಾಪಾಡುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅದೇ ಒಂದು ಅಪಾಯ. ಗುಂಡು ಒಂದು ಕಡೆ, ಪಿಸ್ತೂಲು ಇನ್ನೊಂದು ಕಡೆ, ಎರಡಕ್ಕೂ ಬೀಗ. ಇದರಲ್ಲಿ ರಾಜಿ ಇಲ್ಲ.

ವಾಟ್ಸಾಪ್‌ನಲ್ಲಿ "ಕಾಗದ ಆಮೇಲೆ ಮಾಡ್ಕೊಳ್ಳೋಣ" ಅಂತ ಬರುವ ಅಗ್ಗದ ಮಾಲಿನ ಕಡೆ ತಿರುಗಿಯೂ ನೋಡಬೇಡಿ. ಅದು ಜೈಲಿನ ದಾರಿ. ಲೈಸೆನ್ಸ್ ಇರುವ ಅಂಗಡಿಯಲ್ಲೇ ವ್ಯವಹಾರ ಮಾಡಿ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡೇ ಬಂದೂಕು ಇರಬಹುದು, ಹಾಗಾಗಿ ಹಳೆಯದನ್ನು ಮಾರುವವರು ಇದ್ದಾರೆ. ಅವಸರ ಮಾಡದೆ ಕಾಯಿರಿ, ಒಳ್ಳೆಯದು ಸಿಗುತ್ತದೆ.

ಕೊಂಡ ಮೇಲೆ ಚರ್ಮದ ಹೋಲ್ಸ್ಟರಿನಲ್ಲಿ ಹಾಕಿ ಬೀರುವಿನಲ್ಲಿ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ನಮ್ಮ ಮಳೆಗಾಲಕ್ಕೆ ಅಷ್ಟೇ ಸಾಕು, ತುಕ್ಕು ಶುರು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಒಪ್ಪಿಸುವ ಹಿಂದಿನ ದಿನ ನಳಿಗೆಗೆ ತೆಳ್ಳಗೆ ಎಣ್ಣೆ ಹಚ್ಚಿ, ಮ್ಯಾಗಜೀನ್ ಖಾಲಿ ಮಾಡಿ, ನಂಬರ್ ಸಮೇತ ರಸೀದಿ ಬರೆಸಿಕೊಳ್ಳಿ. ವಾಪಸ್ ತಂದ ದಿನವೇ ಬಿಚ್ಚಿ ಒರೆಸಿ, ಟಾರ್ಚ್ ಬಿಟ್ಟು ನಳಿಗೆಯನ್ನು ಇನ್ನೊಮ್ಮೆ ನೋಡಿ.