ದುಃಖಕ್ಕೇ ನಿಲ್ಲಿಸಿದರೆ ಹೇಗೆ?

ಬೌದ್ಧ ಧರ್ಮ ಎಂದರೆ ಬರೀ ದುಃಖದ ಮಾತು ಎಂದು ನಾನು ಓದಿದ ಲೇಖನವೊಂದರಲ್ಲಿದೆ. ಅರ್ಧ ಸರಿ. ಬುದ್ಧ ಹೇಳಿದ ಸತ್ಯಗಳು ನಾಲ್ಕು: ದುಃಖ ಇದೆ, ಅದಕ್ಕೆ ಕಾರಣ ತೀರದ ಆಸೆ, ಅದನ್ನು ಕಳೆಯಬಹುದು, ಕಳೆಯಲು ಎಂಟು ಅಂಗಗಳ ದಾರಿಯೂ ಇದೆ. ಮೊದಲನೆಯದನ್ನೇ ಹಿಡಿದು ಕೂತರೆ ಹೇಗೆ?

ನನಗೆ ಜಾಸ್ತಿ ಹಿಡಿಸುವುದು ಆ ಎಂಟು ಅಂಗಗಳಲ್ಲಿ ಐದನೆಯದು, ಸಮ್ಯಕ್ ಆಜೀವ, ಅಂದರೆ ಸರಿಯಾದ ದುಡಿಮೆ. ಹೊಟ್ಟೆಪಾಡಿಗೂ ಒಂದು ನೀತಿ ಬೇಕಲ್ವಾ? ಆಯುಧ, ಜೀವಿಗಳು (ಮನುಷ್ಯರೂ ಸೇರಿ), ಮಾಂಸ, ಮದ್ಯ, ವಿಷ ಇವುಗಳ ವ್ಯಾಪಾರ ಬೇಡ ಎಂದ ಬುದ್ಧ. ತೂಕದಲ್ಲಿ ಮೋಸವೂ ತಪ್ಪು ಎಂದ. ನಮ್ಮ ಕಲಬುರಗಿ ಗಂಜ್‌ನಲ್ಲಿ ತೊಗರಿ ಚೀಲ ಕಾಟಾ ಮೇಲೆ ಇಟ್ಟಾಗ ರೈತ ಅಂಕಿಯನ್ನೇ ನೋಡುತ್ತಾ ನಿಂತಿರುತ್ತಾನೆ. ಅವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು, ಸನ್ನತಿ ಹತ್ತಿರದ ಕನಗನಹಳ್ಳಿಯ ಹಳೆಯ ಬೌದ್ಧ ಸ್ತೂಪಕ್ಕೆ ಆ ಲೇಖನದಲ್ಲಿ ಒಂದು ಸಾಲಾದರೂ ಕೊಡಬಹುದಿತ್ತು. ‘ರಾಯೋ ಅಸೋಕೋ’ (ರಾಜ ಅಶೋಕ) ಎಂದು ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ, ನಮ್ಮ ಭೀಮೆಯ ದಂಡೆಯಲ್ಲಿ.