ಸಾಫ್ಟ್‌ವೇರ್ ಪಟ್ಟಿ ಮೊದಲು, ಆಪರೇಟಿಂಗ್ ಸಿಸ್ಟಂ ಆಮೇಲೆ

ವಿಂಡೋಸ್ ಮೇಲೋ, ಲಿನಕ್ಸ್ ಮೇಲೋ, ಮ್ಯಾಕ್ ಮೇಲೋ ಎಂಬ ಜಗಳ ಮುಗಿಯುವಂಥದ್ದಲ್ಲ. ನಿಜ ಹೇಳಬೇಕೆಂದರೆ ಹೆಚ್ಚಿನವರು ಆಪರೇಟಿಂಗ್ ಸಿಸ್ಟಂ ಆರಿಸಿಕೊಂಡೇ ಇರುವುದಿಲ್ಲ. ಕಂಪ್ಯೂಟರ್ ಕೊಂಡಾಗ ಒಳಗೆ ಏನಿತ್ತೋ ಅದನ್ನೇ ಬಳಸುತ್ತಾ ಹೋಗುತ್ತಾರೆ. ಇಲ್ಲವೇ, ಬಿಟ್ಟಿರಲಾಗದ ಯಾವುದೋ ಒಂದು ಸಾಫ್ಟ್‌ವೇರ್ ಎಲ್ಲವನ್ನೂ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಐಫೋನ್ ಆ್ಯಪ್ ಬರೆಯುವವರಿಗೆ ಎಕ್ಸ್‌ಕೋಡ್ ಬೇಕು, ಅದು ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಫೋಟೋಶಾಪ್, ಆಟೋಕ್ಯಾಡ್ ವಿಂಡೋಸ್‌ಗೂ ಮ್ಯಾಕ್‌ಗೂ ಇವೆ, ಲಿನಕ್ಸ್‌ಗೆ ಇಲ್ಲ. ಲೆಕ್ಕವೆಲ್ಲ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಫೈಲಿನಲ್ಲಿದ್ದರೆ, ಲಿನಕ್ಸ್‌ನಲ್ಲಿ ಆಫೀಸ್‌ಗೆ ಬದಲಿಯಾದ ಲಿಬ್ರೆಆಫೀಸ್ ಅದನ್ನು ತೆರೆಯುತ್ತದೆ, ಆದರೆ ಮ್ಯಾಕ್ರೋಗಳು ಬಹಳ ಸಲ ಕೈಕೊಡುತ್ತವೆ. ಮನೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಕಡಿಮೆ ಇರುವುದಕ್ಕೆ ಅದರ ತಾಕತ್ತು ಕಡಿಮೆ ಎಂದು ಅರ್ಥವಲ್ಲ. 2017ರ ನವೆಂಬರ್‌ನಿಂದ ಜಗತ್ತಿನ ಮೊದಲ 500 ಸೂಪರ್‌ ಕಂಪ್ಯೂಟರುಗಳೂ ಲಿನಕ್ಸ್‌ನಲ್ಲೇ ಓಡುತ್ತಿವೆ. ಕೊರತೆ ಇರುವುದು ಸಾಫ್ಟ್‌ವೇರ್ ಪಟ್ಟಿಯಲ್ಲಿ.

ಈ ಮಾತು ಈಗ ಏಕೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, ಮುಗಿಯಿತು. ಕಣ್ಣು, ಕೈ, ಕಾಲು ಎಲ್ಲ ನೆಟ್ಟಗಿರುವ ಕಂಪ್ಯೂಟರುಗಳನ್ನು ಜನ ಗುಜರಿಗೆ ಹಾಕುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಎಸೆಯುವ ಮುನ್ನ ಹತ್ತು ನಿಮಿಷ ಕೊಡಿ.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಂ, ಹಳೆಯ ಬಯೋಸ್‌ನ ಹೊಸ ರೂಪ), ಸೆಕ್ಯೂರ್ ಬೂಟ್ (ನಂಬಬಹುದಾದ ಸಿಸ್ಟಂ ಮಾತ್ರ ಶುರುವಾಗುವಂತೆ ನೋಡುವ ವ್ಯವಸ್ಥೆ) ಮತ್ತು ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಯುವ ಚಿಪ್) ಬೇಕು. ಪ್ರೊಸೆಸರ್ ಸುಮಾರಾಗಿ ಇಂಟೆಲ್ 8ನೇ ತಲೆಮಾರು ಅಥವಾ ಎಎಂಡಿ ರೈಜನ್ 2000 ಸರಣಿಯಿಂದ ಈಚಿನದಾಗಿರಬೇಕು. "ಈ ಕಂಪ್ಯೂಟರ್‌ಗೆ ಆಗುವುದಿಲ್ಲ" ಎಂಬ ಸಂದೇಶ ಬಂದ ಕೂಡಲೇ ನಂಬಿಬಿಡಬೇಡಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಟಿಪಿಎಂ ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಅದನ್ನು ಆನ್ ಮಾಡಿ ಮತ್ತೆ ಪರೀಕ್ಷಿಸಿ. ಪ್ರೊಸೆಸರೇ ಹಳೆಯದಾದರೆ ಈ ದಾರಿ ಮುಚ್ಚಿದಂತೆ. ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ, ಆದರೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಇಲ್ಲ. ದಿನದ ಕೆಲಸದ ಕಂಪ್ಯೂಟರಿಗೆ ಅದು ಬೇಡ.

ಇನ್ನು "ವಿಂಡೋಸ್ ನಿಧಾನ" ಎನ್ನುವ ದೂರು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸುಮ್ಮನಿದ್ದಾಗಲೂ ಡಿಸ್ಕ್ 100% ತೋರಿಸುತ್ತಿದ್ದರೆ ತಪ್ಪು ಹೆಚ್ಚಾಗಿ ತಿರುಗುವ ಹಾರ್ಡ್‌ ಡಿಸ್ಕ್‌ನದ್ದು. ಅದನ್ನು ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿ, ರ‍್ಯಾಮ್ 8 ಜಿಬಿಗೆ ಏರಿಸಿದರೆ ಸಿಗುವ ವೇಗ ಬರೀ ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಸಿಗದು.

ಬ್ರೌಸರ್, ಮೇಲ್, ವಿಡಿಯೋ, ಬರವಣಿಗೆ ಇಷ್ಟೇ ನಿಮ್ಮ ಕೆಲಸವಾದರೆ ಹಳೆಯ ಕಂಪ್ಯೂಟರಿಗೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ ಎಂದೇ ನನ್ನ ಸಲಹೆ. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಓಡಲು 2 ಜಿಬಿ ರ‍್ಯಾಮ್ ಸಾಕು ಎನ್ನುತ್ತಾರೆ, ಆದರೆ ಇಂದಿನ ಬ್ರೌಸರುಗಳ ಹಸಿವಿಗೆ 4 ಜಿಬಿ ಆದರೂ ಬೇಕು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಸಾಫ್ಟ್‌ವೇರ್‌ನಿಂದ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಡಿಸ್ಕ್‌ನ ಪ್ರತಿಯಾದ ಫೈಲ್) ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ, ನೆನಪಿರಲಿ. ಬರೆಯುವ ಮುನ್ನ ಡೌನ್‌ಲೋಡ್ ಆದ ಫೈಲಿನ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತೋರಿಸುವ ಸಂಕೇತ) ತಾಳೆ ನೋಡಿ. ಇನ್‌ಸ್ಟಾಲ್ ಅರ್ಧದಲ್ಲಿ ನಿಲ್ಲುವುದಕ್ಕೆ ಕೆಟ್ಟ ಡೌನ್‌ಲೋಡ್ ಅಥವಾ ಕೆಟ್ಟ ಪೆನ್‌ಡ್ರೈವ್ ಕಾರಣವಾಗಿರುವುದೇ ಹೆಚ್ಚು. ಆಮೇಲೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ (ಕಂಪ್ಯೂಟರ್ ಶುರು ಮಾಡಿ), ಏನನ್ನೂ ಇನ್‌ಸ್ಟಾಲ್ ಮಾಡದೆ ಒಂದು ಗಂಟೆ ಬಳಸಿ. ವೈಫೈ ಸಿಗುತ್ತದೆಯೇ? ಸೌಂಡ್, ಕ್ಯಾಮೆರಾ, ಬ್ರೈಟ್‌ನೆಸ್ ಕೀ, ಪ್ರಿಂಟರ್? ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರಾಗುತ್ತದೆಯೇ? ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಡ್ರೈವರ್ ಬೇರೆ ಹಾಕಬೇಕಾಗುತ್ತದೆ, ಆಗ ಫೋನ್‌ನಿಂದ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಫೋನ್‌ನ ಇಂಟರ್‌ನೆಟ್) ಕೊಡಿ. ಪೆನ್‌ಡ್ರೈವ್‌ನಲ್ಲಿ ಎಲ್ಲವೂ ನಿಧಾನವೇ, ಅದನ್ನು ನೋಡಿ ವೇಗ ಅಳೆಯಬೇಡಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸದಿದ್ದರೆ ಬಯೋಸ್‌ನಲ್ಲಿ ಇಂಟೆಲ್‌ನ ಡಿಸ್ಕ್ ನಿರ್ವಹಿಸುವ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇದೆಯೇ ನೋಡಿ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವವರೇ ಹೆಚ್ಚಾಗಿ ಒದ್ದಾಡುವುದು. ಬಯೋಸ್ ಮುಟ್ಟುವ ಮುನ್ನ, ಅಂದರೆ ಮೇಲೆ ಹೇಳಿದ ಬದಲಾವಣೆಗಳಿಗೂ ಮುನ್ನ, ಬಿಟ್‌ಲಾಕರ್‌ನ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್ ವ್ಯವಸ್ಥೆ) 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರುತ್ತದೆ. ಸೆಕ್ಯೂರ್ ಬೂಟ್ ಬದಲಿಸಿದ ಮರುಗಳಿಗೆಯೇ ಅದು ಕೀ ಕೇಳಬಹುದು, ಕೀ ಇಲ್ಲದಿದ್ದರೆ ಫೈಲುಗಳು ಹೋದಂತೆಯೇ. ಲಿನಕ್ಸ್‌ಗಾಗಿ ಡಿಸ್ಕ್‌ನಲ್ಲಿ ಜಾಗ ಬಿಡಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ; ಲಿನಕ್ಸ್‌ನಲ್ಲಿ ಆ ಡ್ರೈವ್ ತೆರೆದರೆ ಓದಬಹುದು, ಬರೆಯಲಾಗದು. ಗಡಿಯಾರದ ಗಲಿಬಿಲಿಯೂ ಉಂಟು. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ. ಅತ್ತಿತ್ತ ಓಡಾಡಿದಾಗಲೆಲ್ಲ ಸಮಯ ಗಂಟೆಗಟ್ಟಲೆ ಸರಿಯುತ್ತದೆ. ಸ್ಥಳೀಯ ಸಮಯವನ್ನೇ ಬಳಸು ಎಂದು ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡ್‌ಗೆ ಒಮ್ಮೆ ಹೇಳಿದರೆ ಸಾಕು.

ಆಟಗಳ ವಿಷಯ ಚಿಕ್ಕದು. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪ್ರೋಟಾನ್ ಎಂಬ ಸಾಫ್ಟ್‌ವೇರ್‌ನಿಂದ ವಿಂಡೋಸ್‌ನ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲೂ ಓಡುತ್ತವೆ, ವ್ಯಾಲೊರಂಟ್, ಫೋರ್ಟ್‌ನೈಟ್ ಓಡುವುದಿಲ್ಲ. ಅವುಗಳ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಬಿಡುವುದಿಲ್ಲ.

ಮ್ಯಾಕ್ ಕೊಳ್ಳುವವರು ರ‍್ಯಾಮ್ ಲೆಕ್ಕ ಮೊದಲೇ ಹಾಕಿಕೊಳ್ಳಿ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೆ ಏರಿಸಲಾಗದು. ಆಪಲ್‌ನದೇ ಎಂ1 ಚಿಪ್ ಬಂದ ಮೇಲಿನ ಮ್ಯಾಕ್‌ಗಳಲ್ಲಿ ಬೂಟ್‌ಕ್ಯಾಂಪ್ (ಮ್ಯಾಕ್‌ನಲ್ಲಿ ವಿಂಡೋಸ್ ಹಾಕುವ ಸೌಲಭ್ಯ) ಕೂಡ ಇಲ್ಲ, ಹಾಗಾಗಿ "ಬೇಕಾದರೆ ವಿಂಡೋಸ್ ಹಾಕಿಕೊಂಡರಾಯಿತು" ಎಂಬ ಲೆಕ್ಕಾಚಾರ ಹಿಂದಿನಂತೆ ನಡೆಯದು.

ಹಳೆಯ ಸ್ಕ್ಯಾನರ್ ಒಂದಕ್ಕಾಗಿ ವಿಂಡೋಸ್ 10ರಲ್ಲೇ ಉಳಿದವರೂ ಇದ್ದಾರೆ. ಅದನ್ನು ಒಮ್ಮೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಆದ ಕಂಪ್ಯೂಟರಿಗೆ ಚುಚ್ಚಿ ನೋಡಿ. ತಯಾರಕರು ಡ್ರೈವರ್ ಕೊಡುವುದನ್ನು ನಿಲ್ಲಿಸಿದ ಎಷ್ಟೋ ಸ್ಕ್ಯಾನರುಗಳು ಲಿನಕ್ಸ್‌ನ ಸೇನ್ ಡ್ರೈವರ್‌ನಲ್ಲಿ ಇನ್ನೂ ಓಡುತ್ತಿವೆ. ಅಲ್ಲೂ ಓಡದಿದ್ದರೆ ಆ ಕಂಪ್ಯೂಟರನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಸ್ಕ್ಯಾನ್ ಮಾಡಲಷ್ಟೇ ಇಟ್ಟುಕೊಳ್ಳಿ.