ಎರಡನೇ ಕಾರ್ಡ್ ತಗೋಬೇಡ ಮಾರಾಯ

ಹೋದ ಭಾನುವಾರ ಸಾಗರದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಅವನ ಪಿಸಿಯಲ್ಲಿ ಆರ್‌ಟಿಎಕ್ಸ್ 3060 ಅನ್ನೋ ಗ್ರಾಫಿಕ್ಸ್ ಕಾರ್ಡ್ ಇದೆ, ಅಂದರೆ ಗೇಮಿನ ಚಿತ್ರ ಬಿಡಿಸುವ ಕಾರ್ಡ್. 12 ಜಿಬಿ ಮೆಮೊರಿಯದ್ದು. ಅಂಥದ್ದೇ ಇನ್ನೊಂದು ಸೆಕೆಂಡ್ ಹ್ಯಾಂಡ್ ಸಿಗುತ್ತಿದೆಯಂತೆ. "ಮಾವ, ಎರಡೂ ಹಾಕಿದ್ರೆ 24 ಜಿಬಿ ಆಗುತ್ತಲ್ಲ, ಗೇಮ್ ಡಬಲ್ ಸ್ಪೀಡಲ್ಲಿ ಓಡುತ್ತೆ ಅಲ್ವಾ?" ಅಂದ. ದುಡ್ಡು ಅವನದ್ದೇ. ಕೊಯ್ಲಿನ ಸಮಯದಲ್ಲಿ ರಜೆ ಪೂರ್ತಿ ಮನೆಯ ಅಡಿಕೆ ಕೆಲಸ ಮಾಡಿದ್ದಾನೆ. ಅದಕ್ಕೆ ಅಪ್ಪ ಕೊಟ್ಟಿದ್ದನ್ನು ಖರ್ಚು ಮಾಡದೆ ಇಟ್ಟುಕೊಂಡಿದ್ದಾನೆ.

ಬೇಡ ಅಂದೆ. ಅವನ ದನಿ ಸಪ್ಪೆಯಾಯಿತು. ಯಾಕೆ ಬೇಡ ಅಂತ ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಇದೇ ಲೆಕ್ಕ ಹಾಕುವ ಹುಡುಗರು ನಮ್ಮ ಕಡೆ ಇನ್ನೂ ಇದ್ದಾರೆ ಅಂತ ನನಗೆ ಗೊತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ. 2015ರಲ್ಲಿ ಜಿಟಿಎಕ್ಸ್ 970 ಕಾರ್ಡ್ ತಗೊಂಡಿದ್ದೆ. ಹಗಲು ಮದುವೆ ವಿಡಿಯೊ ಎಡಿಟಿಂಗ್, ರಾತ್ರಿ ಗೇಮ್. ಮರುವರ್ಷ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಅದೇ ಕಾರ್ಡ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ರಾತ್ರಿ ಟ್ರೈನಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಶಿವಮೊಗ್ಗಕ್ಕೆ ತಂದೆ. ವಿನೋಬನಗರದ ರೂಮಿಗೆ ಬಂದವನು ಕಾಫಿ ಕೂಡ ಕುಡಿಯದೆ ಕ್ಯಾಬಿನೆಟ್ ಬಿಚ್ಚಿ ಕೂತೆ. ಎರಡು ಕಾರ್ಡ್ ಸೇರಿ ಒಂದೇ ಗೇಮ್ ಓಡಿಸುವ ವ್ಯವಸ್ಥೆಗೆ ಎಸ್‌ಎಲ್‌ಐ ಅಂತಾರೆ. ಎರಡು ಕಾರ್ಡಿನ ನೆತ್ತಿಗೂ ಸೇರಿಸಿ ಆ ಪುಟ್ಟ ಎಸ್‌ಎಲ್‌ಐ ಬ್ರಿಡ್ಜ್ ಹಾಕಿದಾಗ ಆದ ಸಂತೋಷ ಈಗಲೂ ನೆನಪಿದೆ.

ಜಿಟಿಎ 5 ಗೇಮ್ ಹಾಕಿದೆ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಪರದೆ ಮೇಲೆ ಬರುವ ಫ್ರೇಮ್‌ಗಳ (ಚಿತ್ರಗಳ) ಲೆಕ್ಕ, ನಿಜವಾಗಿಯೂ ಜಾಸ್ತಿ ಆಯಿತು. ಅಲ್ಲಿಗೆ ದುಡ್ಡು ಸಾರ್ಥಕ ಅಂದುಕೊಂಡೆ. ಆಮೇಲೆ ಜಸ್ಟ್ ಕಾಸ್ 3 ಹಾಕಿದೆ. ಎರಡನೇ ಕಾರ್ಡಿಗೆ ಕೆಲಸವೇ ಇಲ್ಲ. ಆ ಗೇಮ್‌ಗೆ ಎಸ್‌ಎಲ್‌ಐ ಬೆಂಬಲವೇ ಇರಲಿಲ್ಲ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ, ಸೆಟ್ಟಿಂಗ್ ಎಲ್ಲ ಬದಲಾಯಿಸಿ ನೋಡಿದೆ. ಎರಡು ದಿನ ಹಾಗೇ ಹೋಯಿತು. ಆಮೇಲಿನ ಎರಡು ವರ್ಷ ಹೊಸ ಗೇಮ್ ಬಂದಾಗಲೆಲ್ಲ ನನ್ನ ಮೊದಲ ಪ್ರಶ್ನೆ "ಇದರಲ್ಲಿ ಎರಡು ಕಾರ್ಡ್ ಓಡುತ್ತಾ?" ಅನ್ನೋದೇ. ಗೇಮ್ ಚೆನ್ನಾಗಿದೆಯಾ ಅನ್ನೋದು ಆಮೇಲೆ.

ಓಡುವ ಗೇಮ್‌ಗಳಲ್ಲೂ ಒಂದು ತೊಂದರೆ ಇತ್ತು. ಮೂಲೆಯಲ್ಲಿ 60 ಎಫ್‌ಪಿಎಸ್ ತೋರಿಸುತ್ತದೆ. ಕಣ್ಣಿಗೆ ಮಾತ್ರ ತಡವರಿಸಿದ ಹಾಗೆ ಕಾಣುತ್ತದೆ. ಇದಕ್ಕೆ ಮೈಕ್ರೊ ಸ್ಟಟರ್ ಅಂತಾರೆ. ನಮ್ಮ ಹಳ್ಳಿಗೆ ಗಂಟೆಗೆ ಎರಡು ಬಸ್ ಇದೆ ಅಂತ ಇಟ್ಟುಕೊಳ್ಳಿ. ಹತ್ತು ಗಂಟೆಗೊಂದು, ಹತ್ತೂವರೆಗೊಂದು ಬಂದರೆ ಒಳ್ಳೆಯದು. ಹತ್ತಕ್ಕೊಂದು, ಹತ್ತೂ ಐದಕ್ಕೊಂದು ಬಂದು, ಆಮೇಲೆ ಹನ್ನೊಂದರ ತನಕ ಬಸ್ಸೇ ಇಲ್ಲ ಅಂದರೆ? ಆಗಲೂ ಗಂಟೆಗೆ ಎರಡು ಬಸ್ಸೇ. ನಿಂತು ಕಾಯುವವರಿಗೆ ಗೊತ್ತು ವ್ಯತ್ಯಾಸ. 60 ಎಫ್‌ಪಿಎಸ್ ಅಂದರೆ ಪ್ರತಿ ಫ್ರೇಮ್ ಸುಮಾರು 16.7 ಮಿಲಿಸೆಕೆಂಡಿಗೆ ಬರಬೇಕು. ಒಂದು ಫ್ರೇಮ್ 5ಕ್ಕೆ, ಮುಂದಿನದು 28ಕ್ಕೆ ಬಂದರೂ ಸರಾಸರಿ ಸರಿಯಾಗಿಯೇ ಇರುತ್ತದೆ. ಇನ್ನೊಂದು ಕಾರ್ಡ್ ಕಂಪನಿ ಎಎಂಡಿಯ ಕ್ರಾಸ್‌ಫೈರ್ ಅನ್ನೋ ಇಂಥದ್ದೇ ಜೋಡಣೆಯಲ್ಲಿ ಇದು ಎಷ್ಟು ಜಾಸ್ತಿ ಇತ್ತು ಅಂದರೆ, 2013ರಲ್ಲಿ ಫ್ರೇಮ್‌ಗಳ ನಡುವಿನ ಅಂತರ ಸರಿಮಾಡಲೆಂದೇ ಅವರು ಹೊಸ ಡ್ರೈವರ್ ಬಿಡಬೇಕಾಯಿತು.

ಅಂತರ ಯಾಕೆ ಹೀಗೆ ಏರುಪೇರಾಗುತ್ತದೆ? ಎರಡು ಕಾರ್ಡ್ ಕೆಲಸ ಹಂಚಿಕೊಳ್ಳುವ ಕ್ರಮದಿಂದ. 1998ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ 2 ಕಾರ್ಡಿನಲ್ಲಿ ಎಸ್‌ಎಲ್‌ಐ ಮೊದಲು ಬಂದಾಗ ಒಂದು ಕಾರ್ಡ್ ಪರದೆಯ ಬೆಸ ಗೆರೆಗಳನ್ನು, ಇನ್ನೊಂದು ಸರಿ ಗೆರೆಗಳನ್ನು ಬಿಡಿಸುತ್ತಿತ್ತು. 2004ರಲ್ಲಿ ಎನ್‌ವಿಡಿಯಾ (ನನ್ನ 970, ಹುಡುಗನ 3060 ಎರಡೂ ಇದೇ ಕಂಪನಿಯವು) ಅದೇ ಹೆಸರನ್ನು ಮತ್ತೆ ತಂದಿತು. ಆದರೆ ಈ ಸಲ ಹೆಚ್ಚಾಗಿ ಬಳಕೆಗೆ ಬಂದ ಕ್ರಮ ಬೇರೆ: ಒಂದು ಫ್ರೇಮ್ ಒಂದು ಕಾರ್ಡಿಗೆ, ಮುಂದಿನದು ಇನ್ನೊಂದಕ್ಕೆ.

ಇದು ಅಡಿಕೆ ಸುಲಿದ ಹಾಗೆ. ಇಬ್ಬರು ಕೂತರೆ ಕೆಲಸ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನನ್ನ ಅಡಿಕೆ ಸುಲಿಯಲು ನಿಮ್ಮ ಅಡಿಕೆ ಮುಗಿಯಬೇಕಾಗಿಲ್ಲ. ಹಳೆಯ ಗೇಮ್‌ಗಳಲ್ಲಿ ಫ್ರೇಮ್‌ಗಳು ಬಹುಪಾಲು ಹೀಗೇ ಬಿಡಿಬಿಡಿ ಇರುತ್ತಿದ್ದವು.

ಈಗಿನ ಗೇಮ್ ಬುಟ್ಟಿ ಹೆಣೆಯುವ ಕೆಲಸ. ಹಿಂದಿನ ಸುತ್ತು ಕೈಯಲ್ಲಿ ಇದ್ದರೆ ಮಾತ್ರ ಮುಂದಿನ ಸುತ್ತು. ಅಂಚು ನಯಗೊಳಿಸುವ ಟಿಎಎ ಇರಲಿ, ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವ ಈಗಿನ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಇರಲಿ, ಎಲ್ಲವೂ ಹಿಂದಿನ ಫ್ರೇಮ್‌ಗಳನ್ನು ನೋಡಿಕೊಂಡೇ ಈ ಫ್ರೇಮ್ ಮಾಡುತ್ತವೆ. ಹಿಂದಿನ ಫ್ರೇಮ್ ಇರುವುದು ಇನ್ನೊಂದು ಕಾರ್ಡಿನಲ್ಲಿ. ಅದು ಮುಗಿದು, ಅಲ್ಲಿಂದ ಇಲ್ಲಿಗೆ ಬರುವ ತನಕ ಈ ಕಾರ್ಡ್ ಕಾಯಬೇಕು. ಒಂದು ಬುಟ್ಟಿಗೆ ಇಬ್ಬರು ಕೈ ಹಾಕಿದರೆ ಕೆಲಸ ಬೇಗ ಆಗುತ್ತದೆಯೇ?

ಕಂಪನಿಗಳು ಬೇಕಂತಲೇ ಎಸ್‌ಎಲ್‌ಐ ಕೊಂದವು, ಒಂದು ದಿನ ಮತ್ತೆ ತರುತ್ತವೆ ಅಂತ ಕಾಯುವ ಗೆಳೆಯರು ನನಗಿದ್ದಾರೆ. ಒಪ್ಪುವುದಿಲ್ಲ. ಗೇಮ್ ಚಿತ್ರ ಬಿಡಿಸುವ ರೀತಿಯೇ ಬದಲಾಗಿದೆ. 2015ರಲ್ಲಿ ಡೈರೆಕ್ಟ್‌ಎಕ್ಸ್ 12 (ವಿಂಡೋಸ್‌ನಲ್ಲಿ ಗೇಮ್ ಮತ್ತು ಕಾರ್ಡ್ ನಡುವಿನ ಸಾಫ್ಟ್‌ವೇರ್) ಬಂದಾಗ ಎರಡು ಕಾರ್ಡಿಗೆ ಕೆಲಸ ಹಂಚುವ ಅಧಿಕಾರ ಗೇಮ್ ಮಾಡುವವರ ಕೈಗೇ ಸಿಕ್ಕಿತು. ಆಶಸ್ ಆಫ್ ದಿ ಸಿಂಗ್ಯುಲಾರಿಟಿ ಅನ್ನೋ ಗೇಮ್‌ನಲ್ಲಿ ಎನ್‌ವಿಡಿಯಾ ಮತ್ತು ಎಎಂಡಿ ಕಾರ್ಡನ್ನು ಒಟ್ಟಿಗೆ ಓಡಿಸುವುದೂ ಸಾಧ್ಯವಾಯಿತು. ಆದರೂ ಆ ದಾರಿಯಲ್ಲಿ ಹೋದ ಗೇಮ್‌ಗಳು ತೀರ ಕಡಿಮೆ. ಎರಡು ಕಾರ್ಡ್ ಇರುವ ನಾಲ್ಕು ಜನರಿಗಾಗಿ ಯಾರು ಅಷ್ಟು ಕೆಲಸ ಮಾಡುತ್ತಾರೆ?

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2016ರ ಜಿಟಿಎಕ್ಸ್ 1060ರಲ್ಲೇ ಎಸ್‌ಎಲ್‌ಐ ಕನೆಕ್ಟರ್ ಇರಲಿಲ್ಲ. 2020ರಲ್ಲಿ ಬಂದ 30 ಸರಣಿಯ ಗೇಮಿಂಗ್ ಕಾರ್ಡ್‌ಗಳಲ್ಲಿ 3090ಕ್ಕೆ ಮಾತ್ರ ಎನ್‌ವಿಲಿಂಕ್, ಅಂದರೆ ಎರಡು ಕಾರ್ಡ್ ಜೋಡಿಸುವ ಹೊಸ ಕನೆಕ್ಟರ್, ಕೊಟ್ಟರು. ಹಳೆಯ ಕಾರ್ಡ್‌ಗಳಿಗೆ 2021ರ ಜನವರಿಯಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಗೇಮ್‌ಗೂ ಡ್ರೈವರ್‌ನಲ್ಲಿ ಇರುವ ಎಸ್‌ಎಲ್‌ಐ ಸೆಟ್ಟಿಂಗ್) ಬರುವುದಿಲ್ಲ ಅಂತ ಎನ್‌ವಿಡಿಯಾ ಹೇಳಿತು. 2022ರ 4090ರಲ್ಲಿ ಎನ್‌ವಿಲಿಂಕ್ ಕೂಡ ಹೋಯಿತು. ನಮ್ಮ ಹುಡುಗನ 3060ರಲ್ಲಿ ಕನೆಕ್ಟರೇ ಇಲ್ಲ. ಇನ್ನೊಂದು 3060 ಹಾಕಿದರೆ ಗೇಮ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

24 ಜಿಬಿ ಲೆಕ್ಕವೂ ಹಾಗೇ. ಎಸ್‌ಎಲ್‌ಐ ಓಡುತ್ತಿದ್ದ ಕಾಲದಲ್ಲೂ ಮೆಮೊರಿ ಕೂಡುತ್ತಿರಲಿಲ್ಲ. ಇಬ್ಬರು ಮಕ್ಕಳಿಗೆ ಒಂದೇ ಪಠ್ಯಪುಸ್ತಕದ ಎರಡು ಪ್ರತಿ ಕೊಟ್ಟರೆ ಪಾಠ ಹೆಚ್ಚಾಗುವುದಿಲ್ಲವಲ್ಲ. ಎರಡು ಕಾರ್ಡಿನಲ್ಲೂ ಅದೇ ಟೆಕ್ಸ್ಚರ್‌ಗಳು (ಗೇಮಿನ ವಸ್ತುಗಳ ಮೇಲ್ಮೈ ಚಿತ್ರಗಳು) ತುಂಬಿಕೊಂಡಿರುತ್ತಿದ್ದವು.

ಇನ್ನು ಕರೆಂಟಿನ ವಿಷಯ. ಬೆಂಗಳೂರಿನ ಯೂಟ್ಯೂಬ್ ಹುಡುಗರು ಇದನ್ನು ಹೇಳುವುದಿಲ್ಲ. ಮಲೆನಾಡಿನಲ್ಲಿರುವ ನಾವು ಹೇಳಿಕೊಳ್ಳಬೇಕು. ಶರಾವತಿ ನಮ್ಮ ಜಿಲ್ಲೆಯವಳು, ನಾಡಿಗೆಲ್ಲ ಕರೆಂಟ್ ಕೊಡುತ್ತಾಳೆ. ಆದರೂ ಜೂನ್ ತಿಂಗಳಲ್ಲಿ ತಂತಿ ಮೇಲೆ ಒಂದು ಮರ ಬಿದ್ದರೆ ಹಳ್ಳಿಗೆ ಹಳ್ಳಿಯೇ ಕತ್ತಲೆ. ಒಂದು 970ಕ್ಕೆ 145 ವ್ಯಾಟ್, ಎರಡಕ್ಕೆ 290. ಅದರ ಮೇಲೆ ಪ್ರೊಸೆಸರ್, ಮಾನಿಟರ್. ನನ್ನ ಹತ್ತಿರ ಇದ್ದದ್ದು 600 ವಿಎ ಯುಪಿಎಸ್, ಅದು ಕೊಡುವುದೇ ಸುಮಾರು 360 ವ್ಯಾಟ್. ಒಂದೇ ಕಾರ್ಡ್ ಇದ್ದಾಗ ಕರೆಂಟ್ ಹೋದರೆ ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತಿತ್ತು. ಎರಡಾದ ಮೇಲೆ ಲೋಡ್ ಇದ್ದಾಗ ಕರೆಂಟ್ ಹೋದರೆ ಕೀ ಅಂತ ಒಂದು ಸದ್ದು, ಅಷ್ಟೇ.

ಒಂದು ರಾತ್ರಿ ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ, ನಡೆಯುತ್ತಿದ್ದಾಗ ಹಾಗೇ ಆಯಿತು. ತೀರ್ಥಹಳ್ಳಿ ಕಡೆಯ ಒಂದು ಮದುವೆಯ ಎಡಿಟ್. ಪ್ರಾಜೆಕ್ಟ್ ಫೈಲ್ ಹಾಳಾಯಿತು, ನಾಲ್ಕು ದಿನದ ಕೆಲಸ ಹೋಯಿತು. ಹುಡುಗಿಯ ಅಪ್ಪಯ್ಯ ಮರುದಿನ ಪೆನ್‌ಡ್ರೈವ್ ತಗೊಳ್ಳಲು ಬಸ್ಸಿನಲ್ಲಿ ಬಂದಿದ್ದರು. ಅವರಿಗೆ ಒಂದು ಲೋಟ ಚಹಾ ಕೊಟ್ಟು ಬರಿಗೈಲಿ ಕಳಿಸಿದೆ. "ಇರ್ಲಿ ಬಿಡಿ, ಮತ್ತೆ ಬರ್ತೀನಿ" ಅಂತ ಅವರು ಅಂದರು. ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಇನ್ನೊಂದು. ಕೆಳಗಿನ ಕಾರ್ಡಿನ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನನ್ನ ರೂಮಿನಲ್ಲಿ ಫ್ಯಾನಿನ ಸದ್ದಿಗೆ ಗೇಮಿನ ಮಾತು ಕೇಳುತ್ತಿರಲಿಲ್ಲ.

ಹಾಗಾದರೆ ಎರಡು ಕಾರ್ಡ್ ಎಲ್ಲಿಯೂ ಬೇಡವೇ? ಹಾಗಲ್ಲ. ಅಡಿಕೆ ಸುಲಿಯುವಂಥ ಕೆಲಸ ಇದ್ದರೆ ಖಂಡಿತ ಬೇಕು. ತ್ರೀಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಸೈಕಲ್ಸ್ ಬಳಸಿ ರೆಂಡರ್ ಮಾಡಿದರೆ ಎರಡೂ ಕಾರ್ಡ್ ಕೆಲಸ ಹಂಚಿಕೊಂಡು ಚೆನ್ನಾಗಿ ಮುಗಿಸುತ್ತವೆ. ಮನೆಯಲ್ಲೇ ಎಐ ಮಾಡೆಲ್ ಓಡಿಸುವವರು ಮಾಡೆಲ್ಲಿನ ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಇಡಬಹುದು. ಅಲ್ಲಿ 12 ಮತ್ತು 12 ಸೇರಿ 24ರ ಹತ್ತಿರದ ಉಪಯೋಗ ಸಿಗುತ್ತದೆ. ನಮ್ಮ ಹುಡುಗನ ಕಿವಿಗೆ ಬಿದ್ದದ್ದು ಈ ಮಾತೇ ಇರಬೇಕು. ಅದನ್ನು ಅವನು ಗೇಮ್‌ಗೂ ಅನ್ವಯಿಸಿಕೊಂಡಿದ್ದಾನೆ.

ಲಾಸ್‌ಲೆಸ್ ಸ್ಕೇಲಿಂಗ್ ಅನ್ನೋ ಸಾಫ್ಟ್‌ವೇರ್ ಬಗ್ಗೆಯೂ ಕೇಳಿರುತ್ತೀರಿ. ಗೇಮ್ ಒಂದು ಕಾರ್ಡಿನಲ್ಲಿ ಓಡುತ್ತದೆ. ಎರಡು ಫ್ರೇಮ್ ನಡುವೆ ಹೊಸ ಫ್ರೇಮ್ ತುಂಬುವ ಕೆಲಸವನ್ನು ಎರಡನೇ ಕಾರ್ಡಿಗೆ ಕೊಡಬಹುದು. ಚೆನ್ನಾಗಿಯೇ ಇದೆ, ನೋಡಲು ನಯವಾಗಿರುತ್ತದೆ. ಆದರೆ ಗೇಮ್ ಬೇಗ ಓಡುತ್ತಿಲ್ಲ, ಮೌಸ್ ಒತ್ತಿದ್ದಕ್ಕೆ ಉತ್ತರವೂ ಬೇಗ ಬರುವುದಿಲ್ಲ. ಮನೆಯಲ್ಲಿ ಹಳೆಯ ಕಾರ್ಡ್ ಬಿದ್ದಿದ್ದರೆ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ತಡೆದುಕೊಳ್ಳುತ್ತದೆ ಅಂದರೆ ಹಾಕಿ ನೋಡಿ. ಅದಕ್ಕಾಗಿಯೇ ದುಡ್ಡು ಕೊಟ್ಟು ಕಾರ್ಡ್ ತರಬೇಡಿ. ಕಡಿಮೆ ಬೆಲೆಯ ಮದರ್‌ಬೋರ್ಡ್‌ಗಳಲ್ಲಿ ಎರಡನೇ ಉದ್ದನೆಯ ಸ್ಲಾಟ್ ನೋಡಲು ಮೊದಲನೆಯದರ ಹಾಗೇ ಇದ್ದರೂ, ಒಳಗೆ ಸಾಮಾನ್ಯವಾಗಿ 16ರ ಬದಲು ನಾಲ್ಕೇ ಲೇನ್ (ಡೇಟಾ ಹೋಗಿ ಬರುವ ದಾರಿ) ಇರುತ್ತವೆ. ತಗೊಳ್ಳುವ ಮೊದಲು ಅದನ್ನೂ ನೋಡಿ.

2016ರಲ್ಲಿ ನಾನು ಮಾಡಬೇಕಿದ್ದದ್ದು ಸುಲಭದ ಕೆಲಸವಾಗಿತ್ತು. ಆ ವರ್ಷವೇ ಜಿಟಿಎಕ್ಸ್ 1070 ಬಂತು. 8 ಜಿಬಿ ಮೆಮೊರಿ, 150 ವ್ಯಾಟ್. ಹಳೆಯ 970 ಮಾರಿ, ಎರಡನೇ 970ಕ್ಕೆ ಕೊಟ್ಟ ದುಡ್ಡನ್ನೂ ಸೇರಿಸಿ, ಸ್ವಲ್ಪ ದಿನ ಕಾದಿದ್ದರೆ ಅದೇ ಸಿಗುತ್ತಿತ್ತು. ಎಲ್ಲ ಗೇಮ್‌ನಲ್ಲೂ ಓಡುತ್ತಿತ್ತು. ಆ ಯುಪಿಎಸ್‌ಗೂ ಸಾಕಾಗುತ್ತಿತ್ತು.

ಇದನ್ನೇ ಹುಡುಗನಿಗೆ ನಿನ್ನೆ ರಾತ್ರಿ ಮತ್ತೆ ಕೂತು ಹೇಳಿದೆ. ಈಗಿರುವ 3060 ಒಳ್ಳೆಯ ಕಾರ್ಡ್, ಡಿಎಲ್‌ಎಸ್‌ಎಸ್ ಇದೆ, ಇನ್ನೂ ಸ್ವಲ್ಪ ದಿನ ಓಡಿಸು. ಮಳೆ ಬರುವ ಮೊದಲು ಒಂದು ಗಟ್ಟಿ ಎಸ್‌ಎಂಪಿಎಸ್, ಒಂದು ದೊಡ್ಡ ಯುಪಿಎಸ್ ತಗೋ. ಉಳಿದದ್ದು ಹಾಗೇ ಇಟ್ಟುಕೋ, ಮುಂದಿನ ಕೊಯ್ಲಿನ ದುಡ್ಡು ಸೇರಿಸಿ 3060 ಮಾರಿ ಒಂದೇ ದೊಡ್ಡ ಕಾರ್ಡಿಗೆ ಹೋಗೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾವ, ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ತಗೊಳ್ಳಲಿ?" ಅಂತ ಕೇಳಿದ. ಆ ದೊಡ್ಡ ಕಾರ್ಡಿಗೂ ಆಗಲಿ ಅಂತ 750 ಅಂದೆ. ಶನಿವಾರ ಬಸ್ಸಿಗೆ ಬರುತ್ತಾನೆ, ಇಬ್ಬರೂ ನೆಹರೂ ರಸ್ತೆ ಕಡೆ ಅಂಗಡಿ ನೋಡಿಕೊಂಡು ಬರುತ್ತೇವೆ.